ಮೇಷ್ಟ್ರ ಬಲಗಾಲು

ಮೇಷ್ಟ್ರ ಬೂಟುಗಳಲ್ಲಿ ಬಲಗಾಲಿನದು ಯಾವಾಗಲೂ ಮೊದಲು ಸವೆಯುತ್ತಿತ್ತು. ಅದೂ ಹಿಮ್ಮಡಿಯಲ್ಲಲ್ಲ, ಹೆಬ್ಬೆರಳಿನ ಬುಡದಲ್ಲಿ, ಕೋಟಿನ ಗುಂಡಿಯಷ್ಟು ಅಗಲಕ್ಕೆ. ಎಡಗಾಲಿನದು ಇನ್ನೂ ಒಂದು ವರ್ಷ ಬಾಳುವ ಹಾಗಿರುತ್ತಿತ್ತು. ಕಾರು ಓಡಿಸುವವನ ಬೂಟು ಹಾಗೆ ಸವೆದರೆ ಅದರಲ್ಲಿ ವಿಶೇಷವಿಲ್ಲ. ಆದರೆ ಮೇಷ್ಟ್ರು ಓಡಿಸುತ್ತಿರಲಿಲ್ಲ, ಓಡಿಸುವುದನ್ನು ಕಲಿಸುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ, ದಿನಕ್ಕೆ ಏಳು ಗಂಟೆ, ಡ್ರೈವಿಂಗ್ ಸ್ಕೂಲಿನ ಕಾರಿನ ಎಡಸೀಟಿನಲ್ಲಿ ಕೂತಿರುವುದೇ ಅವರ ಉದ್ಯೋಗ.

"ಇನ್ನೊಬ್ರು ಓಡ್ಸೋ ಕಾರಲ್ಲಿ ಕೂತು ಬರೋಕೆ ನಿಮ್ಮ ಬೂಟು ಯಾಕ್ರೀ ಸವೀಬೇಕು?" ಎಂದು ಹೆಂಡತಿ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು. "ಒಂಟಿ ಕಾಲಲ್ಲಿ ಕುಂಟ್ಕೊಂಡು ಹೋಗ್ತೀರೋ ಹೇಗೆ?"

ಮೇಷ್ಟ್ರು ನಕ್ಕು ಮಾತು ತೇಲಿಸುತ್ತಿದ್ದರು. ಉತ್ತರ ಅವರಿಗೆ ಗೊತ್ತಿತ್ತು.

ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಕಲಿಯುವವರು ಗಾಬರಿಯಾದಾಗ ಕಾರನ್ನು ನಿಲ್ಲಿಸಲು ಅದು ಬೇಕು. ಮೇಷ್ಟ್ರು ಅದನ್ನು ಬೇರೆಯದಕ್ಕೂ ಬಳಸುತ್ತಿದ್ದರು, ಮುಖ್ಯವಾಗಿ ಆಸ್ಪತ್ರೆಯ ಏರಿನಲ್ಲಿ.

ಪೇಟೆಯಿಂದ ಆಸ್ಪತ್ರೆಗೆ ಹೋಗುವ ಆ ರಸ್ತೆ ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ. ಮೇಲ್ತುದಿಗೆ ಸ್ವಲ್ಪ ಮುಂಚೆ ಸಿಗ್ನಲ್. ಗೇರಿನ ಕಾರು ಅಲ್ಲಿ ನಿಂತು ಮತ್ತೆ ಹೊರಡುವಾಗ, ಕಾಲು ಬ್ರೇಕನ್ನು ಬಿಡುವುದಕ್ಕೂ ಕ್ಲಚ್ ಎಂಜಿನ್ನನ್ನು ಹಿಡಿದುಕೊಳ್ಳುವುದಕ್ಕೂ ನಡುವೆ ಒಂದು ಗಳಿಗೆ ಕಾರನ್ನು ಹಿಡಿಯುವವರು ಯಾರೂ ಇರುವುದಿಲ್ಲ. ಆಗ ಅದು ಒಂದೆರಡು ಅಡಿ ಹಿಂದೆ ಜಾರುತ್ತದೆ. ಇದು ಯಂತ್ರದ ತಪ್ಪೂ ಅಲ್ಲ, ಮನುಷ್ಯರದೂ ಅಲ್ಲ, ಇಳಿಜಾರಿನ ಗುಣ. ಹಿಂದಿನವರು ಒಂದು ಕಾರಿನಷ್ಟು ಜಾಗ ಬಿಟ್ಟು ನಿಂತರೆ ಯಾರಿಗೂ ಏನೂ ಆಗದು. ಆದರೆ ಮುಂದಿನ ಗಾಡಿಯ ಬೆನ್ನಿಗೆ ಮೂತಿ ಒರೆಸಿಕೊಂಡು ನಿಲ್ಲುವುದೇ ಎಲ್ಲರ ರೂಢಿ. ಹ್ಯಾಂಡ್‌ಬ್ರೇಕ್ ಎಳೆದು ಹೊರಡುವ ಉಪಾಯವೊಂದಿದೆ. ಸ್ಕೂಲಿನ ಕಾರಿನ ಹ್ಯಾಂಡ್‌ಬ್ರೇಕ್ ಮಾತ್ರ ಸಡಿಲಾಗಿ ಎಷ್ಟೋ ಕಾಲವಾಗಿತ್ತು.

ಮೇಷ್ಟ್ರ ಕೆಲಸದ ಆರನೆಯ ವರ್ಷದಲ್ಲಿ, ಕಲಿಯಲು ಬಂದಿದ್ದ ಐವತ್ತು ದಾಟಿದ ಒಬ್ಬ ಹೆಂಗಸು ಆ ಸಿಗ್ನಲ್ಲಿನಲ್ಲಿ ಹಿಂದೆ ಜಾರಿ, ಗೇಣು ದೂರದಲ್ಲಿ ನಿಂತಿದ್ದ ಕಾರಿಗೆ ತಾಗಿಸಿದರು. ಅದರೊಳಗಿನ ಮನುಷ್ಯ ಇಳಿದು ಬಂದು, ಬಾಯಿಗೆ ಬಂದದ್ದನ್ನೆಲ್ಲ ಅಂದ. ಆ ಹೆಂಗಸು ಎಂಜಿನ್ ಆರಿಸಿ, ಕೀಲಿಯನ್ನು ಅಲ್ಲೇ ಬಿಟ್ಟು, ಇಳಿದು ನಡೆದುಕೊಂಡು ಹೋದರು. ಮತ್ತೆ ಬರಲಿಲ್ಲ.

ಮರುದಿನ ಇನ್ನೊಬ್ಬರು ಅದೇ ಜಾಗದಲ್ಲಿ ನಿಂತರು. ಹಿಂದೆ ಇನ್ನೊಂದು ಕಾರು, ಅದೇ ಗೇಣು. ಮೇಷ್ಟ್ರ ಬಲಗಾಲು ತಾನಾಗಿಯೇ ತಮ್ಮ ಕಡೆಯ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿಯಿತು. ಎಂಜಿನ್ನಿನ ದನಿ ಬದಲಾದದ್ದೇ, ಅಂದರೆ ಕ್ಲಚ್ ಹಿಡಿದದ್ದೇ, ಮೆಲ್ಲಗೆ ಬಿಟ್ಟಿತು. ಕಾರು ಕೂದಲೆಳೆಯಷ್ಟೂ ಹಿಂದೆ ಹೋಗದೆ ಏರು ಹತ್ತಿತು. "ಬಂತು ಮೇಷ್ಟ್ರೇ, ನಂಗೆ ಬಂತು!" ಎಂದು ಕಲಿಯುವವರು ಕೂಗಿದರು. ಮೇಷ್ಟ್ರು "ಭೇಷ್" ಅಂದರು.

ಆ ಮುಖದ ಬೆಳಕನ್ನು ಆರಿಸಲು ಅವರಿಗೆ ಮನಸ್ಸಾಗಲಿಲ್ಲ. ನಾಳೆ ಕಾಲು ತೆಗೆಯೋಣ, ಧೈರ್ಯ ಬಂದ ಮೇಲೆ ತೆಗೆಯೋಣ ಎಂದುಕೊಂಡರು. ನಾಳೆ ಹದಿಮೂರು ವರ್ಷವಾಯಿತು. ಲೈಸೆನ್ಸಿನ ಪರೀಕ್ಷೆಯೂ ಸ್ಕೂಲಿನ ಕಾರಿನಲ್ಲೇ. ಪರೀಕ್ಷೆ ಮಾಡುವ ಅಧಿಕಾರಿ ಹಿಂದಿನ ಸೀಟಿನಲ್ಲಿ, ಮೇಷ್ಟ್ರು ತಮ್ಮ ಮಾಮೂಲು ಜಾಗದಲ್ಲಿ. ಅಲ್ಲೂ ಆ ಕಾಲು ಸುಮ್ಮನಿರಲಿಲ್ಲ. ಸ್ಕೂಲಿನ ಯಜಮಾನ, ಅಂದರೆ ಮೇಷ್ಟ್ರ ಹೆಂಡತಿಯ ತಮ್ಮ, ಹಿಗ್ಗಿ ಕಾರಿನ ಹಿಂದಿನ ಗಾಜಿನ ಮೇಲೆ ಬರೆಸಿಯೇ ಬಿಟ್ಟ: "ಏರಿನಲ್ಲೂ ಹಿಂದೆ ಸರಿಯದವರು."

"ಹೇಗಿದೆ ಭಾವ?" ಎಂದು ಕೇಳಿದ.

"ಅಕ್ಷರ ಚೆನ್ನಾಗಿದೆ" ಅಂದರು ಮೇಷ್ಟ್ರು.

ನರ್ಸಮ್ಮ ಅವರಲ್ಲಿ ಕಲಿತವಳು. ಆಕೆ ನರ್ಸಲ್ಲ. ಆಸ್ಪತ್ರೆಯ ಪಕ್ಕದ ಲ್ಯಾಬಿನವಳು; ಬೆಳಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುತ್ತಾಳೆ. ಸೂಜಿ ಹಿಡಿದವರೆಲ್ಲ ಜನರ ಬಾಯಲ್ಲಿ ನರ್ಸೇ. ನಲವತ್ತರ ಹತ್ತಿರದವಳು, ಮಾತು ಕಡಿಮೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. "ನಿಂತಾಗ ಮುಂದಿನ ಕಾರಿನ ಚಕ್ರ ನೆಲ ಮುಟ್ಟುವುದು ಕಾಣಬೇಕು" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಇಪ್ಪತ್ತೆಂಟು ಪಾಠವಾಯಿತು, ಪರೀಕ್ಷೆಯಲ್ಲಿ ಪಾಸಾದಳು, ಲ್ಯಾಬಿನವರು ಓಡಾಡಲು ಒಂದು ಪುಟ್ಟ ಕಾರು ಕೊಟ್ಟರು. ಮೇಷ್ಟ್ರಿಗೆ ಅಷ್ಟೇ ಗೊತ್ತಿದ್ದುದು.

ಐದು ವಾರಗಳ ನಂತರ, ಒಂದು ಬೆಳಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ, ಮೇಷ್ಟ್ರ ಕಾರು ಆ ಸಿಗ್ನಲ್ಲಿನಲ್ಲಿ ನಿಂತಿತ್ತು. ಸ್ಟೀರಿಂಗ್ ಹಿಡಿದವನು ಒಬ್ಬ ದರ್ಜಿ. ಫುಟ್‌ಪಾತಿನಲ್ಲಿ ನೀಲಿ ಐಸ್ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ ಏರು ಹತ್ತುತ್ತಿದ್ದವಳನ್ನು ಕಂಡು ಮೇಷ್ಟ್ರು ಕಿಟಕಿ ಇಳಿಸಿದರು.

"ಏನ್ ನರ್ಸಮ್ಮಾ, ನಡ್ಕೊಂಡು? ಕಾರು ಕೆಟ್ಟೋಯ್ತಾ?"

ಆಕೆಯ ಮುಖ ಕೆಂಪಾಯಿತು. "ಕಾರು ಚೆನ್ನಾಗೇ ಇದೆ ಮೇಷ್ಟ್ರೇ. ಕೆಳಗೆ ನಿಲ್ಸಿ ಬರ್ತೀನಿ. ಎರಡನೇ ವಾರ ಇಲ್ಲೇ ಹಿಂದೆ ಜಾರಿಬಿಡ್ತು. ಹಿಂದಿನೋರು ತೀರಾ ಅಂಟ್ಕೊಂಡು ನಿಂತಿದ್ರು. ಅವರ ಲೈಟು ಹೋಯ್ತು, ನನ್ನ ಪೆಟ್ಟಿಗೆ ಉರುಳಿ ಮೂರು ಜನರ ರಕ್ತದ ಟ್ಯೂಬು ಒಡೆದೋಯ್ತು. ಹಸ್ಕೊಂಡು ಕೂತಿದ್ದೋರನ್ನ ಮಾರನೇ ದಿನ ಮತ್ತೆ ಉಪವಾಸ ಕೂರ್ಸಿ, ಮತ್ತೆ ಚುಚ್ಚಿದೆ. ಅದರಲ್ಲೊಬ್ರಿಗೆ ಎಂಬತ್ತು ವರ್ಷ."

ಮೇಷ್ಟ್ರು ಪೆಟ್ಟಿಗೆಯನ್ನೇ ನೋಡಿದರು.

"ಲ್ಯಾಬಿನೋರು ಏರಿಗೆ ಕಾರು ತರಬೇಡ ಅಂದಿದಾರೆ. ನಡ್ಕೊಂಡು ಬಂದ್ರೆ ಒಂಬತ್ತಕ್ಕೆ ತಲುಪೋಕಾಗಲ್ಲ, ಕೆರೆ ಸುತ್ತಿ ಬಂದ್ರೆ ಇನ್ನೂ ತಡ. ತಿಂಗಳ ಕೊನೇವರೆಗೂ ನೋಡ್ತಾರಂತೆ. ಆಮೇಲೆ ಓಡ್ಸೋಕೆ ಬರೋರು ಯಾರನ್ನಾದ್ರೂ ತಗೋತಾರೆ." ಆಕೆ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ನಿಮ್ಮ ಹೆಸರು ಹೇಳಿಲ್ಲ ಮೇಷ್ಟ್ರೇ. ಎಲ್ಲಿ ಕಲಿತೆ ಅಂತ ಕೇಳಿದ್ರು, ವಿಡಿಯೋ ನೋಡಿ ಕಲಿತೆ ಅಂದ್ಬಿಟ್ಟೆ. ನಿಮ್ಮ ಕಾರಲ್ಲಿ ಒಂದು ಬೆರಳಷ್ಟೂ ಹಿಂದೆ ಹೋಗಿರ್ಲಿಲ್ಲ. ನಂದೇ ಏನೋ ಎಡವಟ್ಟು."

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಬಾರಿಸಿದ. ದರ್ಜಿ ಗಾಬರಿಯಲ್ಲಿ ಕ್ಲಚ್ ಬಿಡತೊಡಗಿದ. ಮೇಷ್ಟ್ರ ಬಲಗಾಲು, ಇಷ್ಟೆಲ್ಲ ಕೇಳಿದ ಮೇಲೂ, ತನ್ನ ಕೆಲಸ ಮಾಡಿತು. ಕಾರು ಹಿಂದೆ ಸರಿಯದೆ ಹೊರಟಿತು. ನರ್ಸಮ್ಮ ಫುಟ್‌ಪಾತಿನಲ್ಲಿ ನಿಂತು ಕಾರಿನ ಹಿಂಭಾಗವನ್ನೇ ನೋಡುತ್ತಿದ್ದುದು ಪಕ್ಕದ ಕನ್ನಡಿಯಲ್ಲಿ ಕಾಣಿಸಿತು.

"ನೋಡಿದ್ರಾ ಮೇಷ್ಟ್ರೇ? ಬೆಣ್ಣೆ ಥರ ಬಂತು!" ಅಂದ ದರ್ಜಿ.

ಅಂದು ಅವರ ಬಾಯಿಂದ ಭೇಷ್ ಹೊರಡಲಿಲ್ಲ.

ಮುಂದಿನ ಎಂಟು ದಿನ ಮೇಷ್ಟ್ರು ಮಾಡಿದ ಕೆಲಸ ಒಂದೇ: ಒಂಬತ್ತು ಗಂಟೆಯ ಹೊತ್ತಿಗೆ ಏರಿನ ಕಡೆ ಹೋಗದಂತೆ ನೋಡಿಕೊಂಡರು. ಏರಿನ ಪಾಠವನ್ನು ಹನ್ನೊಂದಕ್ಕೆ ಹಾಕಿದರು. ಕಾಲನ್ನು ಬ್ರೇಕಿನಿಂದ ತೆಗೆದು ಸೀಟಿನ ಕೆಳಗೆ ಮಡಚಿ ಇಟ್ಟುಕೊಂಡು ನೋಡಿದರು. ಸಿಗ್ನಲ್ ಹಸಿರಾದರೆ ಸಾಕು, ಅದು ಸಾಕಿದ ಬೆಕ್ಕಿನ ಹಾಗೆ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಕೆಳಗಿನ ಬಯಲಿನಲ್ಲಿ ನಿಂತಿರುತ್ತಿದ್ದ ಲ್ಯಾಬಿನ ಪುಟ್ಟ ಕಾರನ್ನು ದೂರದಿಂದ ಕಂಡರೆ ಮುಖ ತಿರುಗಿಸುತ್ತಿದ್ದರು. ತಿಂಗಳು ಮುಗಿಯಲು ಆರು ದಿನ ಉಳಿಯಿತು.

ಎಂಟನೆಯ ದಿನ ಸಂಜೆ ಹೆಂಡತಿ ಬೂಟುಗಳನ್ನು ಮೋಚಿಯ ಹತ್ತಿರದಿಂದ ತಂದು ಮುಂದಿಟ್ಟಳು. ಬಲಗಾಲಿನದಕ್ಕೆ ಹೊಸ ಅಟ್ಟೆ. "ಮೋಚಿನೂ ಕೇಳ್ದ ಕಣ್ರೀ, ಸಾಹೇಬ್ರು ಬಲಗಾಲಲ್ಲಿ ಏನು ಅರೀತಾರೆ ಅಂತ."

ಮೇಷ್ಟ್ರು ಬೂಟನ್ನು ಕೈಗೆತ್ತಿಕೊಂಡು, ತಲೆ ಎತ್ತದೆ, ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಲು ಮೂರು ನಿಮಿಷವೂ ಬೇಕಾಗಲಿಲ್ಲ.

ಹೆಂಡತಿ ಇನ್ನೊಂದು ಬೂಟನ್ನು ಬದಿಗಿಟ್ಟಳು. ಆಮೇಲೆ, "ನಂಗೂ ನೀವೇ ಕಲ್ಸಿದ್ದು" ಅಂದಳು.

"ಹೂಂ."

"ಒಂದು ಸಲ ಜಾರ್ತು. ಆಮೇಲೆ ಆ ಏರಿಗೆ ಹೋಗೋದೇ ಬಿಟ್ಟೆ. ಆಸ್ಪತ್ರೆಗೆ ಹೋಗ್ಬೇಕಾದ್ರೆ ಕೆರೆ ಸುತ್ತಿ, ಹಿಂದಿನ ರಸ್ತೇಲಿ ಹೋಗ್ತೀನಿ. ಮೇಷ್ಟ್ರ ಹೆಂಡ್ತಿಗೇ ಬರಲ್ಲ ಅಂದ್ರೆ ನಿಮಗೆ ಅವಮಾನ ಅಂತ ಹೇಳ್ಲಿಲ್ಲ."

"ಎಷ್ಟು ವರ್ಷ ಆಯ್ತು?"

"ಒಂಬತ್ತು."

ಕೆರೆಯ ಸುತ್ತಿನ ಆ ರಸ್ತೆ ಕಿರಿದು, ಆದರೂ ಸದಾ ಗಿಜಿಗಿಡುತ್ತದೆ. ಯಾಕೆಂದು ಮೇಷ್ಟ್ರು ಎಂದೂ ಯೋಚಿಸಿರಲಿಲ್ಲ.

ಮರುದಿನ ಎಂಟು ಗಂಟೆಗೇ ಸ್ಕೂಲಿನ ಕಾರು ತಂದು ಕೆಳಗಿನ ಬಯಲಿನಲ್ಲಿ ನಿಂತರು. ನರ್ಸಮ್ಮ ಅಂದು ಬೇಗ ಬಂದಳು. ರಕ್ತ ತೆಗೆಯಲು ಎರಡೇ ಮನೆಗಳಿದ್ದವು. ಕಾರು ನಿಲ್ಲಿಸಿ ಪೆಟ್ಟಿಗೆ ಇಳಿಸಿಕೊಂಡವಳ ಎದುರು ನಿಂತು ಮೇಷ್ಟ್ರು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಮರೆತು, "ಪಾಠದಲ್ಲಿ ಏರಲ್ಲಿ ಕಾರು ಹಿಡಿದಿದ್ದು ನೀವಲ್ಲ ನರ್ಸಮ್ಮಾ, ನನ್ನ ಕಾಲು" ಅಂದರು. "ಪರೀಕ್ಷೆ ದಿನಾನೂ."

"ಗೊತ್ತು."

"ಗೊತ್ತಾ?"

"ಅವತ್ತು ಫುಟ್‌ಪಾತಲ್ಲಿ ನಿಂತು ನೋಡ್ದೆ. ದರ್ಜಿ ಕಾರು ಮುಂದೆ ಹೋಗ್ತಾ ಇದೆ, ಹಿಂದೆ ಬ್ರೇಕಿನ ಕೆಂಪು ದೀಪ ಉರೀತಾನೇ ಇದೆ. ಅವನ ಒಂದು ಕಾಲು ಕ್ಲಚ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ. ಮೂರನೇ ಕಾಲು ಯಾರದು?" ಆಕೆ ನಗಲಿಲ್ಲ. "ನೀವೇ ಹೇಳ್ತೀರೇನೋ ಅಂತ ಎಂಟು ದಿನ ಕಾದೆ. ನೀವು ದಾರಿ ಬದಲಾಯಿಸ್ಬಿಟ್ರಿ."

ಹದಿಮೂರು ವರ್ಷ ಆ ದೀಪ ಕಾರಿನ ಬೆನ್ನ ಮೇಲೆ, ಬರೆಸಿದ ಅಕ್ಷರಗಳ ಕೆಳಗೇ, ಲೋಕಕ್ಕೆಲ್ಲ ಕಾಣುವ ಹಾಗೆ ಉರಿದಿತ್ತು. ಒಳಗೆ ಕೂತವರಿಗೆ ಅದು ಕಾಣುವುದಿಲ್ಲ. ಮೇಷ್ಟ್ರು ನೆಲ ನೋಡಿದರು.

"ಹಾಗಾದ್ರೆ ನಾನು ಪಾಸೇ ಆಗಿಲ್ಲ" ಅಂದಳು ನರ್ಸಮ್ಮ.

"ತಪ್ಪು ನಂದು. ಇನ್ನೂ ಐದು ದಿನ ಇದೆ. ನಾನು ಕಲ್ಸಿಕೊಡ್ತೀನಿ. ಈ ಸಲ ಸರಿಯಾಗಿ."

ಆಕೆ ಅವರ ಬೂಟುಗಳನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು. "ಪೆಟ್ಟಿಗೆ ಕೊಟ್ಟು ಬರ್ತೀನಿ, ಇರಿ. ಲ್ಯಾಬಿನ ಕಾರನ್ನ ಏರಿಗೆ ತಗೊಂಡು ಹೋಗಂಗಿಲ್ಲ, ನಿಮ್ಮ ಕಾರೇ ಆಗ್ಲಿ. ಆದ್ರೆ ನೀವು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ಅಲ್ಲಿ ಪೆಡಲ್ ಇಲ್ಲ."

ಹತ್ತೊಂಬತ್ತು ವರ್ಷಗಳಲ್ಲಿ ಮೇಷ್ಟ್ರು ಮೊದಲ ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ಕಾರು ಏರು ಹತ್ತಿ ಸಿಗ್ನಲ್ಲಿನಲ್ಲಿ ನಿಂತಿತು. ನರ್ಸಮ್ಮ ಮುಂದಿನ ಕಾರಿನ ಚಕ್ರ ನೆಲ ಮುಟ್ಟುವುದು ಕಾಣುವಷ್ಟು ದೂರ ಬಿಟ್ಟು ನಿಲ್ಲಿಸಿದಳು. ಅವರ ಬೆನ್ನ ಹಿಂದೆ ಮಾತ್ರ ಒಂದು ತರಕಾರಿ ಟೆಂಪೋ ಗಾಡಿ, ಹಿಂದಿನ ಗಾಜು ತುಂಬುವಷ್ಟು ಹತ್ತಿರ ಬಂದು ನಿಂತಿತು.

"ತೀರಾ ಹತ್ರ ಇದಾರೆ ಮೇಷ್ಟ್ರೇ" ಅಂದಳು.

ಮೇಷ್ಟ್ರ ಬಲಗಾಲು ಮುಂದಿನ ಸೀಟಿನ ಬೆನ್ನನ್ನು ಒತ್ತುತ್ತಿತ್ತು. ಅಲ್ಲಿ ಒತ್ತಿ ಏನು ಬಂತು? ಅವರು ಬಾಗಿಲು ತೆರೆದು ಇಳಿದರು.

ತರಕಾರಿ ಗಾಡಿಯವನು ಕಿಟಕಿಯಿಂದ ತಲೆ ಹೊರಹಾಕಿದ. "ಏನ್ ಮೇಷ್ಟ್ರೇ, ಇವತ್ತು ದೊಡ್ಡ ಮನುಷ್ಯರ ಥರ ಹಿಂದಿನ ಸೀಟಲ್ಲಿ?"

"ಗಾಡಿ ಸ್ವಲ್ಪ ಹಿಂದೆ ತಗೋಳಪ್ಪ."

"ಯಾಕೆ? ಬೇರೆ ಕಾರಾಗಿದ್ರೆ ನಾನೇ ದೂರ ನಿಲ್ಲಿಸ್ತಿದ್ದೆ. ನಿಮ್ಮ ಕಾರು ಅಂತಾನೇ ಧೈರ್ಯವಾಗಿ ಹತ್ರ ಬಂದೆ." ಅವನು ಗಾಜಿನ ಮೇಲಿನ ಅಕ್ಷರಗಳತ್ತ ಕೈ ತೋರಿಸಿದ. "ನೀವೇ ಬರೆಸಿದೀರಲ್ಲ!"

"ಬರೆಸಿದ್ದು ಸುಳ್ಳು. ಜಾರತ್ತೆ."

"ಏನಂದ್ರಿ?" ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ.

ಮೇಷ್ಟ್ರು ಕೂಗಿ ಹೇಳಬೇಕಾಯಿತು. "ಜಾರತ್ತೆ ಅಂದೆ! ಇಷ್ಟು ವರ್ಷ ನಾನು ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಹಿಡೀತಿದ್ದೆ. ಯಾರಿಗೂ ಕಲಿಸಿಲ್ಲ!"

ಫುಟ್‌ಪಾತಿನಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ತರಕಾರಿ ಗಾಡಿಯವನು ಒಂದು ಕ್ಷಣ ಬಾಯಿ ಬಿಟ್ಟುಕೊಂಡಿದ್ದು, ಆಮೇಲೆ ಗಹಗಹಿಸಿ ನಕ್ಕು, ಹಿಂದೆ ತಿರುಗಿ ಕೂಗಿದ: "ಎಲ್ರೂ ಹಿಂದೆ ತಗೊಳ್ರಪ್ಪೋ! ಮೇಷ್ಟ್ರ ಕಾರು ಜಾರತ್ತಂತೆ!" ಮಾತು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಇಳಿಯುತ್ತ ಹೋಯಿತು. ಕೊನೆಯ ಗಾಡಿ ಮೊದಲು ಸರಿಯಿತು, ಅದರ ಮುಂದಿನದು ಆಮೇಲೆ, ಕೊನೆಗೆ ತರಕಾರಿ ಗಾಡಿ. ಸಾಲಿನ ನಾಲ್ಕನೆಯ ಕಾರಿನಲ್ಲಿದ್ದವರು ಎರಡು ವರ್ಷದ ಹಿಂದೆ ಮೇಷ್ಟ್ರಲ್ಲೇ ಕಲಿತವರು. ಅವರು ನಗಲಿಲ್ಲ. ಅವರನ್ನು ನೋಡಿ ಮೇಷ್ಟ್ರು ಕಣ್ಣು ತೆಗೆದರು.

ಸಿಗ್ನಲ್ ಹಸಿರಾಯಿತು. ಮೇಷ್ಟ್ರು ರಸ್ತೆಯ ಅಂಚಿನಲ್ಲೇ ಉಳಿದರು. ಕೆಂಪು ದೀಪ ಆರಿತು. ಕಾರು ಹಿಂದೆ ಜಾರಿತು, ಒಂದು ಮೊಳ, ಒಂದೂವರೆ ಮೊಳ. ಒಳಗಿಂದ ಒಂದು ಸಣ್ಣ ಕೂಗು ಕೇಳಿಸಿತು. ಆಮೇಲೆ ಎಂಜಿನ್ನಿನ ದನಿ ಬದಲಾಯಿತು, ಕಾರು ಒಮ್ಮೆ ನಡುಗಿ ನಿಂತು, ದೀಪವಿಲ್ಲದೆಯೇ ಮೇಲೆ ಹೊರಟಿತು.

ತಮ್ಮನ್ನು ಹತ್ತಿಸಿಕೊಳ್ಳಲು ಏರಿನಲ್ಲಿ ಮತ್ತೆ ನಿಲ್ಲಿಸು ಎಂದು ಯಾರು ಹೇಳುತ್ತಾರೆ? ಮೇಷ್ಟ್ರು ಫುಟ್‌ಪಾತ್ ಹಿಡಿದು ನಡೆದರು. ಪಕ್ಕದಲ್ಲಿ ಸಾಲು ಕಾರುಗಳು ದಾಟಿದವು. ಪ್ರತಿ ಕಿಟಕಿಯಿಂದಲೂ ಒಂದು ಮುಖ ಅವರತ್ತ ತಿರುಗಿತು. ಐಸ್ ಪೆಟ್ಟಿಗೆ ಇಲ್ಲದೆಯೇ ಆ ಏರು ಇಷ್ಟು ಉಸಿರು ಕಟ್ಟಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮೇಲೆ, ಲ್ಯಾಬಿನ ಗೇಟಿನ ಮುಂದೆ ನರ್ಸಮ್ಮ ಕಾರು ನಿಲ್ಲಿಸಿಕೊಂಡಿದ್ದಳು.

"ಒಂದೂವರೆ ಮೊಳ ಜಾರ್ತು" ಅಂದರು ಮೇಷ್ಟ್ರು.

"ಗೊತ್ತು. ಅದು ನಾನೇ ಜಾರಿದ್ದು, ನಾನೇ ನಿಲ್ಲಿಸಿದ್ದು." ಆಕೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನಾಳೆ ಒಂದು ಮೊಳಕ್ಕೆ ತರೋಣ. ಈಗ ಇನ್ನೊಂದ್ಸಲ ಹೋಗೋಣ."

ಮೇಷ್ಟ್ರ ಕೈ ಅಭ್ಯಾಸಬಲದಿಂದ ಎಡಗಡೆಯ ಮುಂದಿನ ಬಾಗಿಲಿಗೆ ಹೋಯಿತು. ಆಕೆ ಆ ಕೈಯನ್ನೇ ನೋಡಿದಳು. ಅವರು ಕೈ ತೆಗೆದು, ಹಿಂದಿನ ಬಾಗಿಲು ತೆರೆದು ಒಳಗೆ ಕೂತರು.