ಕಿವಿಯ ಹಿಂದಿನ ಕಪ್ಪು

ರೋಗದ ಹೆಸರು ಗೊತ್ತಾಯಿತೆಂದು ಊರೆಲ್ಲ ಪೇಡೆ ಹಂಚಿದವನು ನಾನೊಬ್ಬನೇ ಇರಬೇಕು. ನಗುವವರು ನಗಲಿ. ಹೆಸರು ಸಿಗದ ಜ್ವರದಲ್ಲಿ ಮೊಮ್ಮಗಳು ಕೈಬಿಟ್ಟು ಹೋಗುವುದನ್ನು ನೋಡುತ್ತ ಕೂತವರಿಗೆ ಅದರ ರುಚಿ ಗೊತ್ತು.

ನಮ್ಮ ಹೊಲಮನೆ ಚಂದ್ರಂಪಳ್ಳಿ ಡ್ಯಾಮಿನ ಆಚೆ, ಅಡವಿಗೆ ಹತ್ತಿಕೊಂಡೇ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೂಸಿಗೆ ಜ್ವರ ಬಂತು. ಚಿಂಚೋಳಿಯಲ್ಲಿ ಔಷಧ ಕೊಟ್ಟರು, ಇಳಿಯಲಿಲ್ಲ. ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದೆವು. ಮಲೇರಿಯಾ ಅಲ್ಲ, ಡೆಂಗೀ ಅಲ್ಲ, ಟೈಫಾಯ್ಡೂ ಅಲ್ಲ ಎಂದರು. ಅಷ್ಟರಲ್ಲಿ ಮುಖ ಊದಿ, ಕೂಸು ಕಣ್ಣು ತೆರೆಯುವುದನ್ನೇ ಬಿಟ್ಟಿತ್ತು. ಕೈ ಎತ್ತಿದರೆ ಹಾಗೇ ಕೆಳಗೆ ಬೀಳುತ್ತಿತ್ತು.

ಆಗ ಬಂದರು ಒಬ್ಬ ಡಾಕ್ಟರ್, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಮಕ್ಕಳಿಗೆ ಬರುವ, ಗುರುತು ಸಿಗದ ಜ್ವರಗಳ ಮೇಲೆ ಸಂಶೋಧನೆ ಮಾಡುತ್ತಿದ್ದರಂತೆ.

"ಮುತ್ಯಾ, ನಿಮ್ಮ ಮನಿ ಸುತ್ತ ಹುಲ್ಲು, ಪೊದಿ ಅದಾವೇನ್ರಿ?"

"ಹುಲ್ಲಿನ್ಯಾಗೇ ಮನಿ ಅದ ಯವ್ವಾ."

ಅವರು ಕೂಸಿನ ಅಂಗಿ ಬಿಚ್ಚಿಸಿ ಕಂಕುಳು, ತೊಡೆಸಂದು ಎಲ್ಲ ನೋಡುತ್ತ ಬಂದರು. ಬಲಗಿವಿಯ ಹಿಂದೆ ಒಂದು ಕಪ್ಪು ಕಂಡಿತು. ಅಲ್ಲಿಯವರೆಗೆ ನೋಡಿದವರೆಲ್ಲ ಅದನ್ನು ದೃಷ್ಟಿಬೊಟ್ಟು ಎಂದೇ ತಿಳಿದಿದ್ದರು. ನಾನೂ ಅಷ್ಟೇ. ನನ್ನ ಹೆಂಡತಿ ಕಿವಿಯ ಹಿಂದೆ ಕಾಡಿಗೆ ಇಡದೆ ಕೂಸನ್ನು ಹೊಸ್ತಿಲು ದಾಟಿಸುವವಳಲ್ಲ. ಡಾಕ್ಟರ್ ಒದ್ದೆ ಹತ್ತಿಯಿಂದ ಒರೆಸಿದರು. ಹೋಗಲಿಲ್ಲ.

"ಎಂಥಾ ಕಾಡಿಗಿ ಹಚ್ಚೀಯೇ, ಡಾಂಬರದಂಗ ಅಂಟ್ಯದ," ಎಂದೆ ಹೆಂಡತಿಗೆ.

"ನಾ ಹಚ್ಚೂದು ಎಡಗಿವಿಗಿ. ನಿಮಗ ಎಡ ಬಲ ಯಾವಾಗ ತಿಳದದ?"

ಡಾಕ್ಟರ್ ನಗಲಿಲ್ಲ. ಬ್ಯಾಟರಿ ಬೆಳಕು ಹಿಡಿದು ಬಗ್ಗಿದರು. ಬೀಡಿ ತಾಗಿ ಸುಟ್ಟಂತೆ ಒಣಗಿದ ಗಾಯ ಅದು.

"ಇದನ್ನೇ ಹುಡುಕಲಿಕತ್ತಿದ್ದೆ ಯವ್ವಾ," ಎಂದರು ನನ್ನ ಹೆಂಡತಿಗೆ. "ಹುಲ್ಲಿನ್ಯಾಗ ಕಣ್ಣಿಗಿ ಕಾಣಲಾರದಷ್ಟು ಸಣ್ಣ ಹುಳ ಇರ್ತಾವ. ಅದು ಕಡದ ಜಾಗ ಇದು. ಈ ಜ್ವರಕ್ಕ ಔಷಧ ಅದ."

ಸ್ಕ್ರಬ್ ಟೈಫಸ್ ಎಂದು ಹೆಸರು ಹೇಳಿದರು. ನಾನು ಬಾಯಿಪಾಠ ಮಾಡಿಕೊಂಡೆ. ರಕ್ತದ ವರದಿಗೆ ಕಾಯದೆ ಔಷಧ ಶುರುವಾಯಿತು. ಮರುದಿನ ಕೂಸು ಬೆವರಿತು. ಅದರ ಮರುದಿನ ಕಣ್ಣು ತೆರೆದು, ನನ್ನನ್ನೇ ನೋಡಿ "ಮುತ್ಯಾ, ರೊಟ್ಟಿ," ಅಂದಿತು. ರೊಟ್ಟಿ ತರಲು ಎದ್ದವನು ಚಪ್ಪಲಿ ಮೆಟ್ಟದೆ ರಸ್ತೆಯವರೆಗೂ ಹೋಗಿದ್ದೆ.

ರಕ್ತದ ವರದಿಯೂ ಅದೇ ಹೇಳಿತು. ಡಾಕ್ಟರ್ ಫೋನ್ ಹಿಡಿದು ಬಂದರು.

"ಮುತ್ಯಾ, ಈ ಗಾಯದ ಫೋಟೋ ತಗೊಳ್ಳಲೇನ್ರಿ? ಹಳ್ಳಿ ದವಾಖಾನಿ ಡಾಕ್ಟರಿಗೆ ತೋರಸಬೇಕು, ಅವರಿಗೂ ಗುರ್ತು ಸಿಗ್ತದ. ಮಕ ಬರಂಗಿಲ್ಲ."

"ಮಕಾನೂ ತಗೋರಿ ಯವ್ವಾ, ಚಂದ ಅದ."

"ಕೂಸಿಂದು ತಗೋರಿ, ಇವರದು ಬ್ಯಾಡ," ಎಂದಳು ಹೆಂಡತಿ.

ಹೆಂಡತಿ ಕೂಸಿನ ತಲೆ ಹಿಡಿದಳು, ನಾನು ಕಾಲು ಹಿಡಿದೆ. ಆದರೂ ಹಿಡಿತಕ್ಕೆ ಸಿಗಲಿಲ್ಲ. ಕೊಸರಿಕೊಂಡು, ಚೀರಿ, ಕಾಲು ಬಿಡಿಸಿಕೊಂಡು ಒದ್ದ ರಭಸಕ್ಕೆ ಫೋನ್ ಮಂಚದ ಕೆಳಗೆ ಹೋಗಿ ಬಿತ್ತು. ಅದನ್ನು ಎತ್ತಿಕೊಡುವುದನ್ನು ಬಿಟ್ಟು ನಾವು ಮೂವರೂ ನಗುತ್ತ ನಿಂತೆವು.