ಏಳು ಸಾವಿರ ಪಿಪಿಎಂ

ಕಳೆದ ವಾರ ಬಂದ ಔಷಧದ ಪಾರ್ಸೆಲ್ ಬಿಚ್ಚಿದಾಗ ಡಬ್ಬಿಯ ತಳದಲ್ಲಿ ಒಂದು ತುಂಡು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್, ಇನ್ನೂ ಉಳಿದಿತ್ತು. ಅದರ ಬಿಳಿ ಹೊಗೆ ಮೇಲೇಳದೆ, ಮೇಜಿನ ಅಂಚಿನಿಂದ ಜಾರಿ ನೆಲಕ್ಕಿಳಿಯಿತು. ನೋಡುತ್ತ ನಿಂತವಳಿಗೆ ನನ್ನ ಮೊದಲ ಬಾಸ್ ನೆನಪಾದರು...

ಧಾರವಾಡದ ಕಡೆಯವರು. ನ್ಯೂಜೆರ್ಸಿಯ ಒಂದು ಸಣ್ಣ ಕಂಪನಿಯಲ್ಲಿ, ಕಾರ್ಖಾನೆ ಗೋದಾಮುಗಳ ಗಾಳಿ ಪರೀಕ್ಷಿಸುವ ನಮ್ಮ ತಂಡದ ಮುಖ್ಯಸ್ಥರಾಗಿದ್ದರು. ನನಗೆ ಆಫೀಸಿನಲ್ಲಿ ಸರ್, ಕಾರು ಹತ್ತಿದ ಮೇಲೆ ಅಂಕಲ್. ಆಂಟಿ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಯಲ್ಲಿ ನನಗೂ ಪಾಲಿರುತ್ತಿತ್ತು.

ಅಂಕಿಗಿಂತ ಮೊದಲು ಅದರ ಅಳತೆ ಯಾವುದೆಂದು ನೋಡಬೇಕು ಎಂದು ಕಲಿಸಿದವರು ಅವರು. ಪಿಪಿಎಂ ಎಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ; ಒಂದು ಪಿಪಿಎಂ ಕಾರ್ಬನ್ ಡೈಆಕ್ಸೈಡ್ ಎಂದರೆ ಘನ ಮೀಟರಿಗೆ ಸುಮಾರು 1.8 ಮಿಲಿಗ್ರಾಂ. ಎಂಟು ಗಂಟೆಯ ಕೆಲಸಕ್ಕೆ ಮಿತಿ ಐದು ಸಾವಿರ ಪಿಪಿಎಂ. ಮಿಲಿಗ್ರಾಂ ಲೆಕ್ಕದಲ್ಲಿ ಅದೇ ಒಂಬತ್ತು ಸಾವಿರ.

ಆ ಚಳಿಗಾಲ ಒಂದು ಗೋದಾಮಿನಿಂದ ಕರೆ ಬಂತು. ಡ್ರೈ ಐಸ್ ತುಂಬಿ ಔಷಧ ಪ್ಯಾಕ್ ಮಾಡುವ ಕೋಣೆಯಲ್ಲಿ ಎಲ್ಲರಿಗೂ ತಲೆನೋವು. ನಾನೊಬ್ಬಳೇ ಹೋಗಿ ಮೀಟರ್ ಇಟ್ಟು ಬಂದೆ. ದಿನದ ಸರಾಸರಿ ಏಳು ಸಾವಿರ ಪಿಪಿಎಂ. ವರದಿ ಬರೆಯುವ ಅವಸರದಲ್ಲಿ ಅದನ್ನು ಐದು ಸಾವಿರದ ಬದಲು ಮಿಲಿಗ್ರಾಂ ಕಾಲಮ್ಮಿನ ಒಂಬತ್ತು ಸಾವಿರದ ಪಕ್ಕ ಇಟ್ಟು, ಮಿತಿಯೊಳಗಿದೆ ಎಂದು ಬರೆದೆ. ಸರ್ ಕೊನೆಯ ಪುಟ ತೆರೆದು, ನೀನೇ ಮಾಡಿದ್ದೀಯಲ್ಲ ಎಂದು ಸಹಿ ಹಾಕಿದರು.

ವರದಿ ನಂಬಿ ಗೋದಾಮಿನವರು ಫ್ಯಾನ್ ಹಾಕಿಸಲಿಲ್ಲ. ಮೂರು ವಾರದ ನಂತರ ಅಲ್ಲಿನ ಹೆಂಗಸೊಬ್ಬಳು ಡ್ರೈ ಐಸ್ ತೆಗೆಯಲು ಪೆಟ್ಟಿಗೆಯೊಳಗೆ ಬಗ್ಗಿದವಳು ತಲೆ ತಿರುಗಿ ಬಿದ್ದಳು. ಕಬ್ಬಿಣದ ಅಂಚು ತಗುಲಿ ಅವಳ ಒಂದು ಕಣ್ಣು ಹೋಯಿತು.

ಸರ್ ನನ್ನನ್ನು ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ವರದಿ ತೆರೆದಿತ್ತು. ತಪ್ಪು ನನ್ನದೆಂದು ವಿಚಾರಣೆಯಲ್ಲಿ ನಾನೇ ಹೇಳುತ್ತೇನೆ ಎಂದೆ.

"ನೀ ಏನೂ ಹೇಳಬ್ಯಾಡ. ವೀಸಾದ ಮ್ಯಾಲೆ ಇದ್ದೀ, ಕೆಲಸ ಹೋದ್ರ ಅರವತ್ತು ದಿನದಾಗ ದೇಶ ಬಿಡಬೇಕಾಗ್ತದ ನೀ. ಸಹಿ ನಂದು. ನೋಡಿ ಹಾಕಬೇಕಿತ್ತು, ನೋಡಲಿಲ್ಲ."

ನಾನು ಸುಮ್ಮನಾದೆ. ವಿಚಾರಣೆಯಲ್ಲಿ ಲೆಕ್ಕ ತಮ್ಮದೇ ಎಂದರಂತೆ. ಇಪ್ಪತ್ತು ವರ್ಷದ ಕೆಲಸ ಬಿಟ್ಟು, ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಪಾರ್ಕಿಂಗ್ ಲಾಟ್‌ನಲ್ಲಿ ನಡೆದುಹೋದರು. ಕಿಟಕಿಯಿಂದ ನೋಡಿದೆ, ಕೆಳಗಿಳಿದು ಹೋಗಲಿಲ್ಲ...

ಅವರ ಮನೆ ಓಲ್ಡ್ ಬ್ರಿಡ್ಜ್‌ನಲ್ಲಿ, ನಮ್ಮದು ಹ್ಯಾರಿಸನ್. ಹೆಚ್ಚೆಂದರೆ ಮುಕ್ಕಾಲು ಗಂಟೆಯ ಡ್ರೈವ್. ಗ್ರೀನ್ ಕಾರ್ಡ್ ಬರಲಿ, ಆಮೇಲೆ ಹೋಗಿ ಎಲ್ಲ ಹೇಳೋಣ ಎಂದುಕೊಂಡೆ. ಅದು ಬಂದ ಮೇಲೆ ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೆ. ಹಬ್ಬಕ್ಕೆ ಅವರಿಂದ ಮೆಸೇಜ್ ಬರುತ್ತಿತ್ತು. ಕೈಮುಗಿದ ಚಿತ್ರವೊಂದನ್ನು ಕಳಿಸಿ ಮುಗಿಸುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸಾಪ್‌ನಲ್ಲಿ ಬಂತು. ಅವತ್ತು ಹೋದೆ. ಜನ ಕರಗಿದ ಮೇಲೆ ಆಂಟಿಯ ಪಕ್ಕ ಕೂತು, ಆ ತಪ್ಪು ನನ್ನದು ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತದವಾ. ಅವತ್ತಽ ಹೇಳಿದ್ರು. ಆ ಹುಡುಗಿ ಊಟ ಬಿಟ್ಟು ಕೂತಿರ್ತಾಳ, ಮನಿಗೆ ಬಂದ್ರ ಚಲೋ ಇತ್ತು ಅಂತಿದ್ರು. ಭಾಳ ದಿನ ಅಂತಿದ್ರು..."

ಈಗ ಅವರ ಜಾಗದಲ್ಲಿ ನಾನಿದ್ದೇನೆ. ಕಿರಿಯರ ವರದಿಗಳು ಸಹಿಗೆ ಬರುತ್ತವೆ. ಪ್ರತಿ ಅಂಕಿಯನ್ನೂ ಕೂತು ಮತ್ತೆ ಲೆಕ್ಕ ಹಾಕುತ್ತೇನೆ. ತಪ್ಪಿದ್ದರೆ ಸಿಗುತ್ತದೆ, ತಿದ್ದುತ್ತೇನೆ. ಮನೆಗೆ ಬಾ ಎಂದು ಅವರು ನನ್ನನ್ನು ಬಾಯಿಬಿಟ್ಟು ಕರೆಯಲಿಲ್ಲ. ಕರೆಯದೆಯೇ ಹೋಗಬೇಕಿತ್ತು ನಾನು.