ಪೋಷಕರ ಖಾನೆಯಲ್ಲಿ ಬರೆದದ್ದು

ನಿನ್ನೆ ಹುಣಸೂರಿನ ಕಚೇರಿಯಿಂದ ಒಂದು ಕಂತೆ ಕಾಗದ ಬಂತು. ಮಕ್ಕಳ ಕಲ್ಯಾಣದ ಕೆಲಸ ಹೇಗೆ ನಡೆಯುತ್ತದೆಂದು ನೋಡಿಬರಲು ಹೊರದೇಶಕ್ಕೆ ಹೋಗುವ ತಂಡದಲ್ಲಿ, ಅಂಗನವಾಡಿ ಟೀಚರಾದ ನನ್ನ ಹೆಸರೂ ಇದೆಯಂತೆ. ಖುಷಿಯಾಗುವ ಮೊದಲು ಗುಮಾನಿಯಾಯಿತು. ಮೈಸೂರಿಗೆ ಹೊರಟರೆ ಅರ್ಧದಾರಿಯ ಬಿಳಿಕೆರೆ ದಾಟುವಷ್ಟರಲ್ಲಿ ಬಸ್ಸಿನಲ್ಲಿ ವಾಂತಿ ಮಾಡುವ ನನ್ನನ್ನು ವಿಮಾನ ಹತ್ತಿಸಿದರೆ ಯಾರಿಗೇನು ಲಾಭ, ನೀವೇ ಹೇಳಿ. ಕಂತೆಯಲ್ಲಿ, ಹಿಂದೊಮ್ಮೆ ಆ ದೇಶದವರು ನಮ್ಮೂರಿಗೆ ಬಂದುಹೋಗಿ ಬರೆದ ವರದಿಯೂ ಇತ್ತು, ಕನ್ನಡಕ್ಕೆ ಮಾಡಿಸಿದ್ದು.

ಆ ಭೇಟಿಯನ್ನು ನಾನು ಮರೆಯುವುದುಂಟೇ. ಹೊಗೆಸೊಪ್ಪಿನ ಕಾಲ. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ ಮನೆಗೆ ಅವತ್ತು ಯಾರ ಮನೆಯವರು ಎಲೆ ಏರಿಸುತ್ತಾರೋ, ಎಲೆ ಕಟ್ಟಲು ಬಂದ ಹೆಂಗಸರ ಮಕ್ಕಳಿಗೆಲ್ಲ ಅವರಲ್ಲೇ ಊಟ. ಅದು ನಮ್ಮೂರ ರೂಢಿ. ನಿಂಗಜ್ಜಿಯ ಮೊಮ್ಮಗಳು ಗೌರಿ ಹೀಗೆ ಮನೆಮನೆಯಲ್ಲಿ ಉಂಡೇ ಬೆಳೆಯುತ್ತಿದ್ದಳು. ತಾಯಿ ತೀರಿಕೊಂಡಿದ್ದಳು, ತಂದೆ ಎಲ್ಲಿಗೋ ಹೊರಟುಹೋಗಿದ್ದ. ಅಜ್ಜಿಗೆ ಇದ್ದದ್ದು ಅವಳೊಬ್ಬಳೇ.

ಬಿಳಿ ಹೆಂಗಸೊಬ್ಬಳು ನೋಟ್‌ಬುಕ್ಕು ಹಿಡಿದು ಬರುತ್ತಾಳೆ ಅಂದದ್ದೇ ತಡ, ಊರೆಲ್ಲ ಗುಸುಗುಸು. ತಬ್ಬಲಿ ಮಕ್ಕಳ ಹೆಸರು ಬರೆದುಕೊಂಡು ಸಾಗಿಸಿಬಿಡುತ್ತಾರಂತೆ. ಗೌರಿ ಯಾರ ಮಗಳು ಎಂದು ಕೇಳಿದರೆ ನಮ್ಮದೇ ಅನ್ನಬೇಕೆಂದು ಹೆಂಗಸರು ಮಾತಾಡಿಕೊಂಡರು. ಯಾರು ಅನ್ನಬೇಕೆಂದು ಮಾತ್ರ ಗೊತ್ತುಮಾಡಿಕೊಳ್ಳಲಿಲ್ಲ! ಮೊದಲ ಮನೆಯವಳು ನನ್ನ ಮಗಳು ಅಂದಳು, ಎರಡನೆಯವಳೂ ಅಂದಳು, ಮೂರನೆಯವಳಂತೂ ಹೆರಿಗೆಯ ಕಷ್ಟವನ್ನೂ ಹೇಳಿದಳು. ದುಭಾಷಿ ಬೆವರಿಹೋದ. ಬಿಳಿ ಹೆಂಗಸು ನಗಲಿಲ್ಲ, ಎಲ್ಲವನ್ನೂ ಬರೆದುಕೊಂಡಳು. ಆ ಪೆನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ತಿಂಗಳೊಳಗೆ ಜೀಪು ಬಂದು ಗೌರಿಯನ್ನು ಮೈಸೂರಿನ ಒಂದು ಮಕ್ಕಳ ನಿಲಯಕ್ಕೆ ಕರೆದುಕೊಂಡು ಹೋಯಿತು.

“ಆ ಬಿಳೀ ಎಂಗ್ಸೇ ಬರ್ಕೊಂಡೋಗಿ ಕೊಟ್ಟದ್ದು ಕಣವ್ವ,” ಅಂತ ಅಜ್ಜಿ ನನ್ನ ಕೈ ಹಿಡಿದು ಅತ್ತಿತು.

ಹೌದಜ್ಜಿ ಅಂದೆ. ನಂಬಿಯೇ ಅಂದೆ. ವರ್ಷಗಟ್ಟಲೆ ಇಬ್ಬರೂ ಕೂಡಿ ಆಕೆಗೆ ಹಿಡಿಶಾಪ ಹಾಕಿದೆವು. ಗೌರಿ ರಜಕ್ಕೆ ಬಂದಾಗಲೆಲ್ಲ ತನ್ನ ಮನೆಯ ಬಾಗಿಲಲ್ಲೇ ನಿಂತು, ಒಳಗೆ ಬರಲೇ ಎಂದು ಕೇಳುತ್ತಿದ್ದಳು. ನಿಲಯದಲ್ಲಿ ಹಾಗೆ ಕಲಿಸಿದ್ದರಂತೆ. ಅದನ್ನು ಕೇಳಿ ಅಜ್ಜಿ ಸೆರಗು ಬಾಯಿಗೊತ್ತಿಕೊಳ್ಳುತ್ತಿತ್ತು.

ನಿನ್ನೆ ವರದಿಯಲ್ಲಿ ಆ ಪುಟ ಸಿಕ್ಕಿತು. ಈ ಮಗುವಿಗೆ ಒಬ್ಬ ಅಜ್ಜಿ, ಮೂವರು ತಾಯಂದಿರು ಇದ್ದಾರೆ. ಇವಳನ್ನು ಇಲ್ಲಿಂದ ಕದಲಿಸಬಾರದು. ನಾವು ಇವರಿಂದ ಕಲಿಯಬೇಕು. ಇಷ್ಟೇ ಇತ್ತು.

ಹಾಗಾದರೆ ಬರೆದುಕೊಟ್ಟವರು ಯಾರು? ಕಚೇರಿ ಕೇಳಿದ ಪಟ್ಟಿಗಳನ್ನೆಲ್ಲ ತುಂಬಿಕೊಟ್ಟು ಮರೆಯುವುದೇ ನನ್ನ ಕಸುಬು. ಟ್ರಂಕಿನಿಂದ ಆ ವರ್ಷದ ಪಟ್ಟಿಯ ನಕಲು ತೆಗೆದೆ. ಆಕೆ ಬರುವ ಮೊದಲೇ ಕಳಿಸಿದ್ದು. ಗೌರಿ. ಪೋಷಕರು: ಇಲ್ಲ. ಅಜ್ಜಿಗೆಂದು ಖಾನೆ ಇರಲಿಲ್ಲ, ನಿಜ. ಪಕ್ಕದಲ್ಲಿ ಒಂದು ಮಾತು ಬರೆಯಲು ಜಾಗ ಬೇಕಾದಷ್ಟಿತ್ತು. ನನ್ನ ಅಕ್ಷರ ಮಾತ್ರ ದುಂಡಗೆ ಮುದ್ದಾಗಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಇವತ್ತು ಬೆಳಿಗ್ಗೆ ನಿಂಗಜ್ಜಿಯ ಮನೆಗೆ ಹೋಗಿ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಎಂದಿನಂತೆ ಎಲೆಅಡಿಕೆ ತಟ್ಟೆಗೆ ಕೈ ಹಾಕಿದ್ದ ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿತು. ಆಮೇಲೆ ನನ್ನ ಮುಖ ನೋಡಲಿಲ್ಲ, ಹೆಗಲ ಚೀಲ ನೋಡಿತು.

“ಅದ್ರಲ್ಲಿ ಪೆನ್ನೈತಾ?”

ಇದೆ ಅಂದೆ.

“ಆಚೆ ಮಡಗ್ಬುಟ್ಟು ಬಾ.”

ಚೀಲವನ್ನು ಜಗಲಿಯ ಮೇಲಿಟ್ಟೆ. ಇಷ್ಟು ವರ್ಷ ಕೇಳದೆ ನುಗ್ಗುತ್ತಿದ್ದ ಮನೆ. ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಕೇಳಿದೆ.